ವಾಸನೆ ಇರುವ ತನಕ

"ಏಯ್, ಆ ಹಳದಿ ಗೆರೆ ಕಾಣಲ್ವಾ? ಅದರಿಂದಾಚೆ ನಿಂತು ಮಾತಾಡು. ನೀನು ಉಸಿರು ಬಿಟ್ರೆ ಬೆಳಿಗ್ಗೆ ತಿಂದಿದ್ದು ವಾಪಸ್ ಬರೋ ಹಾಗಿದೆ."

ಪುರಸಭೆಯ ಗುಮಾಸ್ತ ಒಂದು ಕೈಯಲ್ಲಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿದ್ದ ಪೆನ್ನಿನ ತುದಿಯಿಂದ ಅರ್ಜಿಯನ್ನು ಕಿಂಡಿಯಾಚೆಗೆ ತಳ್ಳಿದ. ಹಿಂದೆ ಸಾಲಿನಲ್ಲಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಆಮೆ ಒಂದು ಹೆಜ್ಜೆ ಹಿಂದೆ ಸರಿದ. ಅವತ್ತು ಬೆಳಿಗ್ಗೆ ಅವನು ಎರಡು ಸಲ ಸ್ನಾನ ಮಾಡಿದ್ದ, ಅದೂ ಮಗಳ ಸೋಪಿನಲ್ಲಿ.

ಆಮೆ ಎಂಬುದು ಜತೆಯವರು ಇಟ್ಟ ಹೆಸರು. ಗುಂಡಿಗೆ ಇಳಿಯುವುದೂ ನಿಧಾನ, ಏರುವುದೂ ನಿಧಾನ. ಬೇರೆಯವರು ಎರಡು ಸಲ ಮೇಲೆ ಬಂದು ಹೋಗುವಷ್ಟರಲ್ಲಿ ಅವನು ಒಂದೇ ದಮ್ಮಿನಲ್ಲಿ ಕೆಲಸ ಮುಗಿಸುತ್ತಿದ್ದ. ಇಪ್ಪತ್ತೆರಡು ವರ್ಷಗಳಿಂದ ಆ ಪಟ್ಟಣದ ಮಲಗುಂಡಿಗಳಿಗೆ ಅವನು ಇಳಿಯುತ್ತಿದ್ದ.

"ಯಾಕೆ ವಾಪಸ್ ಕೊಟ್ರಿ ಸಾರ್?" ಪಕ್ಕದಲ್ಲಿದ್ದ ಮಗಳು ಕೇಳಿದಳು. ಅವಳು ಹಿಂದೆ ಸರಿಯದೆ ಗೆರೆ ದಾಟಿ ಕಿಂಡಿಯ ಹತ್ತಿರವೇ ನಿಂತಿದ್ದಳು.

"ಓದಿದ್ದೀಯಲ್ಲ, ಹದಿನಾಲ್ಕನೇ ಕಾಲಂ ಓದು."

"ತಂದೆಯ ಉದ್ಯೋಗ, ಮಲಗುಂಡಿ ಸ್ವಚ್ಛತೆ."

"ನಿನ್ನ ಶಾಲೆ ದಾಖಲೇಲಿ ಏನಿದೆ?"

ಮಗಳು ಅಪ್ಪನ ಕಡೆ ನೋಡಿದಳು. ಆಮೆ ಗೆರೆಯ ಕಡೆ ನೋಡಿದ.

"ಗಾರೆ ಕೆಲಸ ಅಂತಿದೆ. ಇದು ಗುಂಡಿ ಕೆಲಸದೋರ ಮಕ್ಳು ಕಾಲೇಜು ಓದ್ಲಿ ಅಂತ ಸರ್ಕಾರ ಕೊಡೋ ನೆರವು ಕಣಮ್ಮಾ. ಗಾರೆಯೋರಿಗಲ್ಲ. ದುಡ್ಡು ಬರುತ್ತೆ ಅಂದ್ರೆ ಊರಿನೋರೆಲ್ಲಾ ಹೇಲು ಬಾಚೋರೇ ಆಗ್ಬಿಡ್ತಾರೆ." ಗುಮಾಸ್ತ ಸಾಲಿನವರ ಕಡೆ ನೋಡಿ ಹುಬ್ಬು ಹಾರಿಸಿದ. ಅವರು ಮತ್ತೆ ನಕ್ಕರು. "ಎರಡು ಕಾಗದ ಬೇಕು. ಉದ್ಯೋಗ ತಪ್ಪಾಗಿದೆ ಅಂತ ಹೆಡ್ಮಾಸ್ಟರ್ ಬರೆದ ಪತ್ರ ಒಂದು. ಇವನು ಗುಂಡಿ ಕೆಲಸದೋನೇ ಅಂತ ನಮ್ಮ ಆರೋಗ್ಯಾಧಿಕಾರಿ ಸಹಿ ಹಾಕಿದ ದೃಢೀಕರಣ ಒಂದು. ಶುಕ್ರವಾರ ಸಂಜೆ ಐದಕ್ಕೆ ಕಿಂಡಿ ಮುಚ್ಚುತ್ತೆ. ಮುಂದಿನೋರು ಬನ್ನಿ."

ಅವತ್ತು ಮಂಗಳವಾರ.

ಮಗಳಿಗೆ ದೊಡ್ಡ ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಸೀಟು ಸಿಕ್ಕಿ ಹತ್ತು ದಿನವಾಗಿತ್ತು. ನೆರವಿನ ಅರ್ಜಿ ಸ್ವೀಕಾರವಾದ ರಸೀದಿ ತೋರಿಸಿದರೆ ಶುಲ್ಕವಿಲ್ಲ, ಹಾಸ್ಟೆಲೂ ಸಿಗುತ್ತದೆ. ತೋರಿಸದಿದ್ದರೆ ಸೋಮವಾರ ಆ ಸೀಟು ಪಟ್ಟಿಯಲ್ಲಿ ಮುಂದಿನವರಿಗೆ. ಬೇರೆ ದಾರಿ ಇರಲಿಲ್ಲ.

ಮೆಟ್ಟಿಲಿಳಿಯುವಾಗ ಅವಳು ಕೇಳಿದಳು. "ಗಾರೆ ಕೆಲಸ ಅಂತ ಯಾರು ಬರೆಸಿದ್ದು?"

"ನಾನೇ."



ಹನ್ನೆರಡು ವರ್ಷದ ಹಿಂದಿನ ಮಾತು. ಅವಳನ್ನು ಒಂದನೆಯ ತರಗತಿಗೆ ಸೇರಿಸುವ ದಿನ ಆಮೆ ಪಕ್ಕದ ಮನೆಯ ಗಾರೆಯವನಿಂದ ಅಂಗಿ ಎರವಲು ತಂದಿದ್ದ. ಸಾಲದೆಂದು ಅವನ ಸಿಮೆಂಟು ಚೀಲದಲ್ಲಿ ಕೈ ಅದ್ದಿ, ಉಗುರು ಸಂದಿಗೂ ಚಪ್ಪಲಿಗೂ ಬೂದು ಪುಡಿ ಹಚ್ಚಿಕೊಂಡಿದ್ದ. ಕೇರಿಯಿಂದ ಆ ಶಾಲೆಗೆ ಹೋಗಿದ್ದ ಇನ್ನಿಬ್ಬರು ಮಕ್ಕಳನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳದೆ, ಅವರು ಮಳೆಗಾಲ ಮುಗಿಯುವುದರೊಳಗೆ ಶಾಲೆ ಬಿಟ್ಟದ್ದು ಅವನಿಗೆ ಗೊತ್ತಿತ್ತು. ಹೆಡ್ಮಾಸ್ಟರು ಉದ್ಯೋಗ ಕೇಳಿದರು. ಗಾರೆ ಕೆಲಸ ಎಂದ. ಅವರು ತಲೆಯೆತ್ತಿ ಅವನ ಚಪ್ಪಲಿ ನೋಡಿ ಬರೆದುಕೊಂಡರು.

ಕಷ್ಟ ಶುರುವಾದದ್ದು ಆಮೇಲೆ. ಹೆಡ್ಮಾಸ್ಟರರ ಮನೆಯ ಅಡುಗೆಕೋಣೆಯ ಗೋಡೆ ಬಿರುಕು ಬಿಟ್ಟಿತ್ತು. "ನಮ್ಮ ಶಾಲೆ ಪೋಷಕರೇ ಗಾರೆಯವರಿದ್ದಾರಲ್ಲ" ಎಂದು ಹೇಳಿಕಳಿಸಿದರು. ಆಮೆ ಹೋಗಿ ಎರಡು ದಿನ ಮೆತ್ತಿದ. ಗೋಡೆ ಗರ್ಭಿಣಿಯ ಹೊಟ್ಟೆಯಂತೆ ಉಬ್ಬಿ ನಿಂತಿತು. ಹೆಡ್ಮಾಸ್ಟರು ನೋಡಿ, "ಇದೇನಯ್ಯಾ?" ಎಂದಿದ್ದರು. "ಒಣಗಿದ್ಮೇಲೆ ಇಳಿಯುತ್ತೆ ಸ್ವಾಮಿ" ಎಂದು ಕೂಲಿ ಕೇಳದೆ ಬಂದಿದ್ದ. ಅದು ಇಳಿಯಲಿಲ್ಲ.

ಈಗ ಹೆಡ್ಮಾಸ್ಟರರ ಮುಂದೆ ನಿಂತು ಅವನು ಆ ಸುಳ್ಳನ್ನು ಒಪ್ಪಿಕೊಂಡ.

 ಅವರು ಕನ್ನಡಕ ತೆಗೆದರು.

"ನನ್ನ ಅಡುಗೆಮನೆ ಗೋಡೆಗೆ ನಿನ್ನ ಕೈ ಮುಟ್ಟಿಸಿದ್ದೀನಲ್ಲಯ್ಯಾ ನಾನು! ಹನ್ನೆರಡು ವರ್ಷದಿಂದ ಅಲ್ಲೇ ಊಟ ಮಾಡ್ತಿದ್ದೀವಿ."

"ಕೈ ತೊಳ್ಕೊಂಡೇ ಬಂದಿದ್ದೆ ಸ್ವಾಮಿ."

"ತೊಳ್ಕೊಂಡ್ರೆ ಹೋಗುತ್ತೇನೋ ಅದು? ಮೋಸಗಾರ. ಅವತ್ತೇ ಹೇಳಿದ್ರೆ ಬೇರೆ ವ್ಯವಸ್ಥೆ ಮಾಡ್ತಿದ್ದೆ."

"ಏನು ವ್ಯವಸ್ಥೆ ಸಾರ್?" ಮಗಳು ಕೇಳಿದಳು. ಅದೇ ಶಾಲೆಯಲ್ಲಿ ಅವಳು ಆರು ವರ್ಷ ಮೊದಲ ಬೆಂಚಿನಲ್ಲಿ ಕೂತಿದ್ದಳು. ವಿಜ್ಞಾನದ ಬಹುಮಾನವನ್ನು ಇವರ ಕೈಯಿಂದಲೇ ತೆಗೆದುಕೊಂಡಿದ್ದಳು.

ಹೆಡ್ಮಾಸ್ಟರು ಕಾಗದ ಎಳೆದುಕೊಂಡು ಪತ್ರ ಬರೆದರು. 'ತಂದೆಯು ತನ್ನ ಉದ್ಯೋಗವನ್ನು ಮರೆಮಾಚಿ ಶಾಲೆಗೆ ಸುಳ್ಳು ಮಾಹಿತಿ ನೀಡಿ ವಂಚಿಸಿರುವುದಾಗಿ ಸ್ವತಃ ಒಪ್ಪಿಕೊಂಡಿರುತ್ತಾನೆ.' ಕೆಳಗೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಶಾಯಿಯ ಡಬ್ಬಿಯನ್ನು ಮುಟ್ಟದೆ, "ಅದನ್ನ ನೀನೇ ಇಟ್ಕೋ" ಎಂದರು.

ಹೊರಗೆ ಬಂದ ಮೇಲೆ ಮಗಳು ಪತ್ರವನ್ನು ಎರಡು ಸಲ ಓದಿದಳು. "ಇದು ಪತ್ರ ಅಲ್ಲಪ್ಪಾ, ಪೊಲೀಸ್ ಕಂಪ್ಲೇಂಟ್."

"ಉದ್ಯೋಗ ಸರಿ ಬರೆದಿದ್ದಾರಾ?"

"ಬರೆದಿದ್ದಾರೆ."

"ಸಾಕು ಬಿಡು. ಒಂದು ಡಬ್ಬಿ ಶಾಯಿ ಲಾಭ."

ಅವಳಿಗೆ ನಗು ಬಂತು. ಅವಳು ನಗಲೆಂದೇ ಅವನು ಹಾಗೆ ಹೇಳಿದ್ದ.

ಮರುದಿನ ಆರೋಗ್ಯಾಧಿಕಾರಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡರೂ ಮೆತ್ತಗೇ ಮಾತಾಡಿದರು. ಕೆಟ್ಟವರೆನ್ನುವ ಹಾಗಿರಲಿಲ್ಲ. ಅವರ ಕುರ್ಚಿಯ ಹಿಂದೆ ಗಾಜು ಹಾಕಿಸಿದ ಪ್ರಶಸ್ತಿಪತ್ರವಿತ್ತು. 'ಮನುಷ್ಯರು ಗುಂಡಿಗಿಳಿಯದ ಪಟ್ಟಣ, ಪ್ರಥಮ ಬಹುಮಾನ.' ಪಕ್ಕದಲ್ಲಿ ಮಲ ಹೀರುವ ಹೊಸ ಲಾರಿಯ ಮುಂದೆ ಅಧಿಕಾರಿ ನಿಂತ ಪಟ. ಲಾರಿ ಈಗಲೂ ಕಚೇರಿಯ ಶೆಡ್ಡಿನಲ್ಲಿತ್ತು. ಅದರ ಅಗಲ ಏಳೂವರೆ ಅಡಿ. ಪಟ್ಟಣದ ಅರ್ಧಕ್ಕಿಂತ ಹೆಚ್ಚು ಗಲ್ಲಿಗಳ ಅಗಲ ಆರು ಅಡಿ. ತಂದ ಎರಡನೇ ತಿಂಗಳಲ್ಲಿ ಅದರ ಕೊಳವೆ ಸೀಳಿತ್ತು. ಹೊಸ ಕೊಳವೆಗೆ ಬರೆದ ಕಾಗದ ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು.

"ನೋಡಪ್ಪಾ, ನಿನ್ನ ಕಷ್ಟ ಅರ್ಥ ಆಗುತ್ತೆ. ಆದ್ರೆ ಇದಕ್ಕೆ ಸಹಿ ಹಾಕಿದ್ರೆ ನಿನ್ನ ಗುಂಡಿಗೆ ಇಳಿಸಿದ್ದು ನಾನೇ ಅಂತ ಒಪ್ಕೊಂಡ ಹಾಗಾಗುತ್ತೆ. ಮನುಷ್ಯರನ್ನ ಇಳಿಸೋದು ಅಪರಾಧ. ಗೊತ್ತಾ?"

"ಗೊತ್ತು ಸಾಹೇಬ್ರೇ."

"ಮತ್ತೆ? ನಿನ್ನ ಮಗಳು ಕಾಲೇಜಿಗೆ ಹೋಗ್ಲಿ ಅಂತ ನಾನು ಜೈಲಿಗೆ ಹೋಗ್ಲಾ?"

"ಹೋದ ವಾರ ನಿಮ್ಮ ಮನೆ ಹಿಂದಿನ ಗುಂಡಿ..."

"ಹೋದ ವಾರ ಯಾರೂ ಎಲ್ಲೂ ಇಳಿದಿಲ್ಲ." ಅವರ ದನಿ ಏರಲಿಲ್ಲ. "ನಮ್ಮ ಹಾಜರಿ ಪುಸ್ತಕದಲ್ಲಿ ನೀನು ಏನಿದ್ದೀಯ ನೋಡೋಣ."

ಜವಾನ ಪುಸ್ತಕ ತಂದ. ಅಧಿಕಾರಿ ಬೆರಳಿಟ್ಟು ತೋರಿಸಿದರು. ತೋಟದ ಕೂಲಿ.

ಆಮೆಗೆ ಅದು ಹೊಸದು. ಇಪ್ಪತ್ತೆರಡು ವರ್ಷ ಹೆಬ್ಬೆಟ್ಟು ಒತ್ತಿದ ಪುಸ್ತಕದಲ್ಲಿ ತಾನೇನೆಂದು ಅವನು ಓದಿರಲಿಲ್ಲ, ಯಾರೂ ಓದಿ ಹೇಳಿರಲೂ ಇಲ್ಲ. ಮಗಳು ಸುತ್ತ ನೋಡಿದಳು. ಆ ಕಚೇರಿಯಲ್ಲಿ ಗಿಡವೆಂದು ಇದ್ದದ್ದು ಒಂದೇ, ಬಾಗಿಲ ಪಕ್ಕದ ಕುಂಡದಲ್ಲಿ. ಅದೂ ಒಣಗಿತ್ತು. ಕುಂಡದ ತುಂಬ ಬೀಡಿ ತುಂಡುಗಳು.

"ಹೀಗೆ ಮಾಡು. ಸೋಮವಾರದಿಂದ ಮಗಳನ್ನ ಕಚೇರಿ ಗುಡಿಸೋಕೆ ಕಳ್ಸು. ದಿನಗೂಲಿ ಪಟ್ಟಿಗೆ ಸೇರಿಸ್ತೀನಿ. ಓದಿದ ಹುಡುಗಿ, ಮೂಲೆ ಮೂಲೆ ಚೆನ್ನಾಗಿ ಗುಡಿಸ್ತಾಳೆ." ಅಧಿಕಾರಿ ನಿಜವಾಗಿಯೂ ಉಪಕಾರ ಮಾಡುವ ಮುಖದಲ್ಲೇ ಹೇಳಿದರು.

 ಆಮೆ ಬಾಯಿ ತೆರೆಯುವ ಮೊದಲೇ ಮಗಳು ಮಾತಾಡಿದಳು. "ಸಾರ್, ದೃಢೀಕರಣ ಕೊಡಲ್ಲ ಅಂದ್ರೆ ಯಾಕೆ ಕೊಡಲ್ಲ ಅಂತ ಬರೆದುಕೊಡಿ. ಯಾರೂ ಇಳಿಯಲ್ಲ ಅಂತಾನೇ ಬರೀರಿ."

ಅದರಲ್ಲಿ ಅಧಿಕಾರಿಗೆ ಕಷ್ಟವೇನೂ ಕಾಣಲಿಲ್ಲ. ಗುಮಾಸ್ತನನ್ನು ಕರೆದು ಹೇಳಿ ಬರೆಸಿದರು. 'ಈ ಪಟ್ಟಣದ ವ್ಯಾಪ್ತಿಯಲ್ಲಿರುವ ಯಾವುದೇ ಗುಂಡಿಯೊಳಗೆ ಯಾವುದೇ ವ್ಯಕ್ತಿಯು ಇಳಿಯುವುದಿಲ್ಲ ಹಾಗೂ ಇಳಿದಿರುವುದಿಲ್ಲ.' ಸಹಿ ಹಾಕಿ, ಮೊಹರು ಒತ್ತಿ, ಊದಿ ಒಣಗಿಸಿ ಕೊಟ್ಟರು.

"ಇದನ್ನ ಮೇಲಿನ ಕಚೇರಿಗೆ ಕಳಿಸ್ತೀನಿ" ಎಂದಳು ಮಗಳು.

"ಕಳ್ಸಮ್ಮಾ. ಆರು ತಿಂಗಳಲ್ಲಿ ಉತ್ತರ ಬರುತ್ತೆ."

ಗುರುವಾರ ಸಂಜೆ ಮನೆಯಲ್ಲಿ ಮೂರೂ ಕಾಗದಗಳು ಚಾಪೆಯ ಮೇಲೆ ಬಿದ್ದಿದ್ದವು. ಆಮೆಯ ಹೆಂಡತಿ ಕೆಲಸದಿಂದ ಬಂದು, ಪೊರಕೆಯನ್ನು ಹೊರಗೇ ಒರಗಿಸಿ, ಒಂದೊಂದನ್ನೇ ಓದಿಸಿಕೊಂಡಳು. ಅವಳ ತಮ್ಮ ಗೋಡೆಗೆ ಕಾಲು ಕೊಟ್ಟು ಚಹಾ ಹೀರುತ್ತಿದ್ದ. ಹೆಂಡತಿಯ ತಮ್ಮನಷ್ಟೇ ಅಲ್ಲ, ಅವನು ಆಮೆಯ ಹಗ್ಗ ಹಿಡಿಯುವವನು. ಆ ಕೇರಿಯಲ್ಲಿ ಇಳಿಯುವವನ ಹಗ್ಗವನ್ನು ಬಾಮೈದನೇ ಹಿಡಿಯಬೇಕು. ಅಣ್ಣತಮ್ಮಂದಿರಿಗೆ ಮನೆ ಪಾಲಿನ ಆಸೆ ಇರಬಹುದು, ಗೆಳೆಯರಿಗೆ ಕುಡಿದ ಅಮಲಿರಬಹುದು. ಅಕ್ಕ ಮುಂಡೆಯಾಗಲಿ ಎಂದು ಮಾತ್ರ ಯಾವ ತಮ್ಮನೂ ಹಗ್ಗ ಬಿಡುವುದಿಲ್ಲ. ಹೆಣ್ಣು ನೋಡಲು ಹೋದಾಗಲೇ ತಮ್ಮನಿದ್ದಾನೆಯೇ, ಅವನ ತೋಳು ಗಟ್ಟಿಯಿದೆಯೇ ಎಂದು ವಿಚಾರಿಸುತ್ತಿದ್ದರು.

"ಭಾವ ಶಾಲೇಲಿ ಗಾರೆಯೋನು, ಕಚೇರೀಲಿ ತೋಟಗಾರ" ಎಂದ ಬಾಮೈದ. "ಅಕ್ಕಾ, ನಿಂಗೆ ಇಬ್ರು ಗಂಡಂದಿರು. ನಾನ್ಯಾರ ಹಗ್ಗ ಹಿಡೀಲಿ?"

"ಮುಚ್ಚೋ ಬಾಯಿ. ಹುಡುಗಿ ಮುಖ ನೋಡು." ಹೆಂಡತಿ ಆಮೆಯ ಕಡೆ ತಿರುಗಿದಳು. "ನಾನು ಅವತ್ತೇ ಹೇಳಿದ್ದೆ, ಇದ್ದದ್ದು ಇದ್ದ ಹಾಗೆ ಬರೆಸು ಅಂತ."

"ಬರೆಸಿದ್ರೆ ಹನ್ನೆರಡನೇ ಕ್ಲಾಸಿನ ತನಕ ಬರ್ತಿದ್ಲೇನೇ?"

 ಹೆಂಡತಿ ಕಾಗದಗಳನ್ನು ಜೋಡಿಸಿ ಮಗಳ ಕೈಗೆ ಕೊಟ್ಟಳು.

"ನಾಳೆ ಬೆಳಿಗ್ಗೆಯಿಂದ ಕಿಂಡಿ ಹತ್ರಾನೇ ನಿಂತಿರ್ತೀನಿ" ಎಂದಳು ಮಗಳು. "ಮುಚ್ಚೋವರ್ಗೂ ಕೇಳ್ತೀನಿ." ಆಮೇಲೆ ಅಪ್ಪನ ಕಡೆ ನೋಡದೆ ಕೇಳಿದಳು. "ಅಪ್ಪಾ, ಒಳಗೆ ಗಾಳಿ ಸರಿ ಇದ್ಯೋ ಇಲ್ವೋ ಹೆಂಗೆ ತಿಳ್ಕೋತೀಯ?"

ಅಷ್ಟು ವರ್ಷದಲ್ಲಿ ಅವಳು ಅವನ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲು. ಅವನು ಹೇಳಿರಲೂ ಇಲ್ಲ. ಕೆಲಸದ ಚಡ್ಡಿ, ಕೊಕ್ಕೆ, ಗಳ ಎಲ್ಲವನ್ನೂ ಬಾಮೈದನ ಮನೆಯಲ್ಲಿ ಇಡುತ್ತಿದ್ದ. ಅಲ್ಲೇ ಮಿಂದು ಮನೆಗೆ ಬರುತ್ತಿದ್ದ.

"ಮುಚ್ಚಳ ತೆಗೆದು ಅರ್ಧ ಗಂಟೆ ಬಿಡ್ತೀವಿ. ಗೋಡೆ ಮೇಲೆ ಜಿರಲೆ ಓಡಾಡ್ತಿದ್ರೆ ಇಳೀಬಹುದು. ಮತ್ತೆ ವಾಸನೆ. ಅದು ತೀರಾ ಜಾಸ್ತಿ ಇದ್ರೆ ಇಳಿಯಲ್ಲ."

"ಜಾಸ್ತಿ ಇದ್ರೆ ಅಲ್ಲ." ಮಗಳು ಈಗ ಅವನನ್ನೇ ನೋಡುತ್ತಿದ್ದಳು. "ಆ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ, ಅದೊಂದು ಅನಿಲ. ಕೆಸರು ಕಲಕಿದ್ರೆ ತಳದಿಂದ ಏಳುತ್ತೆ. ಸ್ವಲ್ಪ ಇದ್ದಾಗ ನಾರುತ್ತೆ. ಜಾಸ್ತಿ ಆದ್ರೆ ಮೊದಲು ಮೂಗನ್ನೇ ಸಾಯಿಸುತ್ತೆ. ವಾಸನೆ ಇರೋ ತನಕ ಪರವಾಗಿಲ್ಲ ಅಪ್ಪಾ. ತಟ್ಟನೆ ನಿಂತ್ರೆ ಮಾತ್ರ ಒಂದು ಕ್ಷಣ ಇರ್ಬಾರ್ದು. ಹಗ್ಗ ಎಳೆದುಬಿಡ್ಬೇಕು. ಮಾವ, ನೀನೂ ಕೇಳಿಸ್ಕೋ."

ಬಾಮೈದ ಚಹಾದ ಲೋಟ ಕೆಳಗಿಟ್ಟ. "ಹಂಗಾದ್ರೆ ನಮ್ಮಪ್ಪ..." ಎಂದು ಶುರು ಮಾಡಿ ನಿಲ್ಲಿಸಿದ. ಅವನ ಅಪ್ಪ ಸತ್ತದ್ದು ಗುಂಡಿಯಲ್ಲಿ. ಕೊನೆಯ ಸಲ ಕೂಗಿ ಹೇಳಿದ್ದು, 'ಇವತ್ತು ನಾತವೇ ಇಲ್ಲ ಕಣ್ರೋ, ಆರಾಮಾಗಿದೆ' ಎಂದು. ಆ ಮಾತನ್ನು ಕೇರಿಯಲ್ಲಿ ಇಷ್ಟು ದಿನ ನೆಮ್ಮದಿಯ ಸಾವಿನ ಗುರುತೆಂದು ಹೇಳಿಕೊಳ್ಳುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಮೂರಕ್ಕೆ ಜವಾನ ಏದುಸಿರು ಬಿಡುತ್ತ ಬಂದ. "ಬೇಗ ಬಾರೋ ಆಮೆ. ಕಚೇರಿ ಕಕ್ಕಸು ಉಕ್ಕಿ ವರಾಂಡಕ್ಕೆ ಬಂದಿದೆ. ಈ ವರ್ಷದ ಬಹುಮಾನಕ್ಕೆ ನೋಡೋಕೆ ನಾಲ್ಕು ಗಂಟೆಗೆ ಜನ ಬರ್ತಿದ್ದಾರೆ. ಸಾಹೇಬ್ರು ನನ್ನನ್ನೇ ನುಂಗೋ ಹಾಗೆ ಕುಣೀತಿದ್ದಾರೆ."

"ಯಾವ ಬಹುಮಾನ?" ಕೇಳಿದ ಬಾಮೈದ.

"ಅದೇ, ಯಾರೂ ಗುಂಡಿಗೆ ಇಳಿಯಲ್ಲ ಅಂತ ಕೊಡ್ತಾರಲ್ಲ, ಅದು."

"ಥೂ, ನಿಮ್ಮ ಬಾಯಿಗೆ ಮಣ್ಣು ಹಾಕ" ಎಂದು ಬಾಮೈದ ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿದ.

ಗುಂಡಿ ಕಚೇರಿಯ ಹಿಂದಿತ್ತು, ಲಾರಿಯ ಶೆಡ್ಡಿನ ಪಕ್ಕಕ್ಕೆ. ಎರಡಾಳು ಆಳ. ಒಳಗೋಡೆಯ ಕಬ್ಬಿಣದ ಮೆಟ್ಟಿಲುಗಳಲ್ಲಿ ಮೇಲಿನ ಮೂರು ಉಳಿದಿದ್ದವು. ಮುಚ್ಚಳ ಎತ್ತಿ ಹತ್ತು ನಿಮಿಷವಾಗುವುದರೊಳಗೆ ಅಧಿಕಾರಿ ಗಡಿಯಾರ ನೋಡಿಕೊಳ್ಳುತ್ತ ಮೂರು ಸಲ ಬಂದು ಹೋದರು.

"ಅರ್ಧ ಗಂಟೆ ಬಿಡ್ಬೇಕು ಸಾಹೇಬ್ರೇ."

"ಅರ್ಧ ಗಂಟೆ ಬಿಟ್ರೆ ಅವರೇ ಬಂದು ಇಳೀತಾರೆ! ಇಳಿಯೋ, ಬೋಳಿಮಗನೇ!" ಅವರ ಮೆತ್ತನೆಯ ದನಿ ಅವತ್ತು ಎಲ್ಲೋ ಹೋಗಿತ್ತು.

ಆಮೆ ಬಗ್ಗಿ ನೋಡಿದ. ಗೋಡೆಯ ಮೇಲೆ ಜಿರಲೆಗಳು ಓಡಾಡುತ್ತಿದ್ದವು. ವಾಸನೆ ಮುಖಕ್ಕೆ ಹೊಡೆಯಿತು. ಮೈಗೆ ಎಣ್ಣೆ ಸವರಿಕೊಂಡ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಚಪ್ಪಲಿಗಳನ್ನು ಗುಂಡಿಯ ಬಾಯಿಯ ಪಕ್ಕ, ಮುಂತುದಿ ಗುಂಡಿಯ ಕಡೆ ಬರುವಂತೆ ಜೋಡಿಸಿಟ್ಟ. ಒಳಗೆ ಆಳಿದ್ದಾನೆ ಎಂಬುದಕ್ಕೆ ಅದು ಗುರುತು. ಚಪ್ಪಲಿ ಇರುವ ತನಕ ಯಾರೂ ಮುಚ್ಚಳ ಮುಟ್ಟುವಂತಿಲ್ಲ. ಆಮೇಲೆ ನಿಧಾನವಾಗಿ ಇಳಿದ.

ಕೆಸರು ಎದೆಯ ತನಕ ಬಂತು. ಹೊರಕೊಳವೆಯ ಬಾಯಿಗೆ ಬಟ್ಟೆ, ಪ್ಲಾಸ್ಟಿಕ್ಕು ಎಲ್ಲ ಸೇರಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಕೊಕ್ಕೆ ಹಾಕಿ ತಿವಿದ, ಎಳೆದ, ಮತ್ತೆ ತಿವಿದ. ಕೆಸರು ಕಲಕಿ ಗುಳುಗುಳು ಎಂದಿತು. ಒಂದು ಮುದ್ದೆ ಕಿತ್ತು ಬಂತು. ನೀರು ಸಣ್ಣಗೆ ಹರಿಯತೊಡಗಿತು.

ಆಗ ಮೇಲೆ, ಗುಂಡಿಯ ಅಂಚಿನಲ್ಲೇ, ಅಧಿಕಾರಿ ಫೋನಿನಲ್ಲಿ ಮಾತಾಡುವುದು ಕೇಳಿಸಿತು. "ಬನ್ನಿ ಸಾರ್, ಬನ್ನಿ, ಹತ್ತೇ ನಿಮಿಷ ತಾನೇ? ಎಲ್ಲಾ ರೆಡಿ ಇದೆ. ಇಲ್ಲ ಇಲ್ಲ, ನಮ್ಮಲ್ಲಿ ಆ ಪದ್ಧತಿನೇ ಇಲ್ಲ ಸಾರ್. ಒಳಗೆ ಒಬ್ಬ ಮನುಷ್ಯ ಇಳಿಯಲ್ಲ. ಎಲ್ಲಾ ಯಂತ್ರದಲ್ಲೇ."

ಆಮೆ ಕೊಕ್ಕೆ ನಿಲ್ಲಿಸಿದ. ತಲೆಯ ಮೇಲೆ ಆಕಾಶ ಒಂದು ತಟ್ಟೆಯಷ್ಟಿತ್ತು. ಅದರ ಅಂಚಿನಲ್ಲಿ ಪಾಲಿಶ್ ಮಾಡಿದ ಎರಡು ಬೂಟುಗಳ ತುದಿ, ಪಕ್ಕದಲ್ಲಿ ತನ್ನ ಚಪ್ಪಲಿಗಳು.

"ಏನೋ, ಆಯ್ತಾ?" ಅಧಿಕಾರಿ ಮೂಗು ಹಿಡಿದು ಬಗ್ಗಿದರು.

"ಅರ್ಧ ಆಯ್ತು ಸಾಹೇಬ್ರೇ."

"ಇನ್ನರ್ಧ ಬೇಗ ಮಾಡಿ ಹತ್ತು."

"ಯಾರು ಮಾಡ್ಬೇಕು?"

"ಏನಂದೆ?"

"ಇಲ್ಲಿ ಯಾರೂ ಇಲ್ವಲ್ಲ. ಮೊನ್ನೆ ನೀವೇ ಸಹಿ ಮಾಡಿ ಬರೆದುಕೊಟ್ರಿ. ಈಗ ಫೋನಲ್ಲೂ ಹೇಳಿದ್ರಿ."

ಅಂಚಿನ ಬೂಟುಗಳು ಅಲ್ಲಾಡಲಿಲ್ಲ. ಆಮೆ ಬಾಮೈದನನ್ನು ಕರೆದ. "ಲೋ, ಕಿಂಡಿ ಹತ್ರ ಮಗಳಿದ್ದಾಳೆ. ಅರ್ಜಿ ತಗೊಂಡು ಇಲ್ಲಿಗೆ ಬರೋಕೆ ಹೇಳು."

"ಭಾವ, ಹಗ್ಗ ಬಿಟ್ಟು ಹೆಂಗೆ ಹೋಗ್ಲಿ?"

ಆಮೆ ಸೊಂಟದ ಗಂಟು ಬಿಚ್ಚಿದ. ಇಪ್ಪತ್ತೆರಡು ವರ್ಷದಲ್ಲಿ ಒಳಗೆ ನಿಂತು ಅವನು ಆ ಗಂಟನ್ನು ಮುಟ್ಟಿರಲಿಲ್ಲ. ತುದಿಯನ್ನು ಸುತ್ತಿ ಮೇಲಕ್ಕೆ ಎಸೆದ. ಅದು ಬೂಟುಗಳ ಮೇಲೆ ಹೋಗಿ ಬಿತ್ತು.

"ಭಾವಾ! ಏ ಭಾವಾ, ಹುಚ್ಚು ಹಿಡೀತಾ ನಿಂಗೆ?"

"ಹೋಗೋ. ಕರ್ಕೊಂಡ್ ಬಾ."

ಬಾಮೈದ ಓಡಿದ ಸದ್ದು ನೆಲದಲ್ಲಿ ಕೇಳಿಸಿತು. ಅಧಿಕಾರಿ ಕೂಗಾಡಿದರು. ಕೆಲಸದಿಂದ ಕಿತ್ತುಹಾಕುತ್ತೇನೆ ಎಂದರು. ಪೊಲೀಸರನ್ನು ಕರೆಸುತ್ತೇನೆ ಎಂದರು.

"ಯಾವ ಕೆಲಸದಿಂದ ಕೀಳ್ತೀರಾ ಸಾಹೇಬ್ರೇ, ತೋಟದ್ದಾ?"

ಜವಾನ ಕೆಮ್ಮಿದ ಹಾಗೆ ಮಾಡಿ ನಗು ನುಂಗಿಕೊಂಡ. ಅಧಿಕಾರಿ ಅವನ ಕಡೆ ತಿರುಗಿದರು. "ಮುಚ್ಚಳ ಎಳಿಯೋ. ಅವರು ಬಂದು ಹೋಗೋ ತನಕ. ಹತ್ತು ನಿಮಿಷಕ್ಕೆ ಸಾಯಲ್ಲ ಇವನು."

"ಚಪ್ಪಲಿ ಇದೆ ಸಾರ್" ಎಂದ ಜವಾನ. "ಚಪ್ಪಲಿ ಇದ್ದಾಗ ಮುಚ್ಚಬಾರ್ದು."

ಬೂಟಿನ ತುದಿ ಒಂದು ಚಪ್ಪಲಿಯನ್ನು ತಳ್ಳಿತು. ಅದು ಆಮೆಯ ಭುಜಕ್ಕೆ ಬಡಿದು ಕೆಸರಿಗೆ ಬಿತ್ತು. ಎರಡನೆಯದೂ ಬಿತ್ತು.

"ಈಗಿಲ್ಲ. ಎಳಿ."

ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದಾಯಿತು. ಆಕಾಶ ಕಾಲು ಭಾಗ ಕಡಿಮೆಯಾಯಿತು. ಅಷ್ಟರಲ್ಲಿ ಓಡಿ ಬಂದ ಕಾಲುಗಳು ಅಂಚಿನಲ್ಲಿ ನಿಂತವು. ನೀಲಿ ಪಟ್ಟಿಯ ರಬ್ಬರು ಚಪ್ಪಲಿ. ಎಡಗಾಲಿನ ಪಟ್ಟಿ ಕಿತ್ತುಹೋದಾಗ ಪಿನ್ನು ಹಾಕಿಕೊಟ್ಟದ್ದು ಆಮೆಯೇ.

ಮಗಳು ಬಗ್ಗಿ ಒಳಗೆ ನೋಡಿದಳು. ಎದೆಮಟ್ಟ ಕೆಸರಿನಲ್ಲಿ, ಎಣ್ಣೆ ಹಚ್ಚಿದ ಬರಿಮೈಯಲ್ಲಿ ಅಪ್ಪನನ್ನು ನೋಡಿದಳು. ಆಮೆ ತಲೆ ತಗ್ಗಿಸಲಿಲ್ಲ. ಅವಳು ತನ್ನ ಚಪ್ಪಲಿಗಳನ್ನು ಕಳಚಿ, ಅವನ ಚಪ್ಪಲಿ ಇದ್ದ ಜಾಗದಲ್ಲೇ ಜೋಡಿಸಿಟ್ಟಳು. ಜವಾನ ಮುಚ್ಚಳದಿಂದ ಕೈ ತೆಗೆದ.

"ಸಹಿ ಹಾಕಿ ಸಾರ್" ಎಂದಳು. "ಇಲ್ಲಾಂದ್ರೆ ನೀವು ಬರೆದುಕೊಟ್ಟ ಕಾಗದ ನನ್ನ ಹತ್ರ ಇದೆ. ಬರೋರಿಗೆ ಇಲ್ಲಿ ನಿಂತು ಜೋರಾಗಿ ಓದ್ತೀನಿ. ಅವರು ಬಗ್ಗಿ ನೋಡ್ಲಿ."

ಕಚೇರಿಯ ಮುಂದೆ ಕಾರಿನ ಹಾರ್ನು ಎರಡು ಸಲ ಆಯಿತು. ಗೇಟು ತೆಗೆಯಲು ಯಾರೋ ಓಡಿದರು.

"ಕೊಡು ಇಲ್ಲಿ" ಎಂದರು ಅಧಿಕಾರಿ. ಕಾಗದದ ಸದ್ದಾಯಿತು. "ಏಯ್, ನೀನು ಮುಂದೆ ಹೋಗಿ ಅವರಿಗೆ ಚಹಾ ಕೊಟ್ಟು ಕೂರಿಸು, ಹೋಗು! ಮೊಹರು ಎಲ್ಲಿ? ಗುಮಾಸ್ತನ್ನ ಕರಿ, ಮೊಹರು ತರೋಕೆ ಹೇಳು. ಇದೇನಿದು, ಎಷ್ಟು ವರ್ಷದ ಸೇವೆ ಅಂತ ಬೇರೆ ಕಾಲಂ ಇದೆ?"

"ಇಪ್ಪತ್ತೆರಡು ಸಾರ್."

"ಅಂಕಿಯಲ್ಲಿ ಬರೀಬೇಕಾ, ಅಕ್ಷರದಲ್ಲಾ?"

"ಎರಡರಲ್ಲೂ ಅಂತಿದೆ."

"ಭಾವಾ, ಹಗ್ಗ ಬಿಡ್ತೀನಿ, ಕಟ್ಕೋ!" ಬಾಮೈದನ ದನಿ. ಹಗ್ಗದ ತುದಿ ಇಳಿದು ಬಂದು ಅವನ ಮುಖದ ಮುಂದೆ ತೂಗಾಡಿತು. ಆಮೆ ಅದನ್ನು ಹಿಡಿದ. ಕಟ್ಟಿಕೊಳ್ಳಲಿಲ್ಲ. ಕಟ್ಟಿಕೊಂಡರೆ ಬಾಮೈದ ಎಳೆಯುತ್ತಾನೆ. ಆಮೆ ಮೇಲೆ ಬಂದರೆ ಪೆನ್ನು ನಿಲ್ಲುತ್ತದೆ.

"ತಡಿಯೋ. ಮೊಹರು ಬೀಳ್ಲಿ."

ಒಳಗೆ ಏನೋ ಬದಲಾಗಿತ್ತು. ಏನೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ. ಮೊದಲು ಹಾಯೆನಿಸಿತು, ಯಾರೋ ಕಿಟಕಿ ತೆಗೆದ ಹಾಗೆ. ಗೋಡೆಯಿಂದ ಜಿರಲೆಯೊಂದು ಕಳಚಿ ಅವನ ತೋಳಿನ ಮೇಲೆ ಬಿತ್ತು. ಅಂಗಾತ ಬಿದ್ದದ್ದು ಕಾಲಾಡಿಸಲಿಲ್ಲ. ಅವನು ಮೂಗಿನಿಂದ ಮೆಲ್ಲಗೆ, ಉದ್ದಕ್ಕೆ ಉಸಿರೆಳೆದು ನೋಡಿದ. ಏನೂ ಇರಲಿಲ್ಲ. ನೀರೂ ಅಲ್ಲ, ಮಣ್ಣೂ ಅಲ್ಲ, ಬರೀ ಗಾಳಿ. ಮಗಳ ಸೋಪಿನಲ್ಲಿ ಮಿಂದು ಬಂದು ಮನೆಯ ಬಾಗಿಲಲ್ಲಿ ನಿಂತಂತಿತ್ತು.

"ತಂದೆ ಹೆಸರು ಇಲ್ಲಿ ಒಂದು ಥರ ಇದೆ, ಅಲ್ಲಿ ಇನ್ನೊಂದು ಥರ ಇದೆ" ಎನ್ನುತ್ತಿದ್ದರು ಅಧಿಕಾರಿ. "ಯಾವ್ದು ಸರಿ?"

 ಮಗಳ ತಲೆ ಆಕಾಶದ ತಟ್ಟೆಗೆ ಅಡ್ಡ ಬಂತು. ಮುಖ ಕಾಣಲಿಲ್ಲ, ಜಡೆ ಮಾತ್ರ ಜೋತುಬಿತ್ತು.

"ಅಪ್ಪಾ, ವಾಸನೆ ಬರ್ತಿದ್ಯಾ?"

ಆಮೆ ಗೋಡೆಗೆ ಒರಗಿಕೊಂಡ. ಕೈಯಲ್ಲಿದ್ದ ಹಗ್ಗ ದಪ್ಪವೋ ತೆಳುವೋ ಬೆರಳಿಗೆ ಗೊತ್ತಾಗುತ್ತಿರಲಿಲ್ಲ. ಮೇಲೆ ಗುಮಾಸ್ತ ಬಂದ ಹಾಗಿತ್ತು. ಮೊಹರಿನ ಶಾಯಿ ಒಣಗಿದೆ ಎಂದು ಯಾರೋ ಹೇಳುತ್ತಿದ್ದರು.

"ಬರ್ತಿದೆ ಮಗಳೇ" ಎಂದ. "ನೀನು ಸಹಿ ಹಾಕ್ಸ್ಕೋ."